ಒಂಬತ್ತು ಜನರ ಪ್ರೆಸ್ಸಿನಲ್ಲಿ ಹೆರಿಗೆ ರಜೆ

ಅರವತ್ತರ ದಶಕದಲ್ಲಿ ಜಯನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚಿದ್ದವು. ಅಂಥದೊಂದು ಸೈಟಿನ ಪಕ್ಕದ ಹೆಂಚಿನ ಶೆಡ್ಡಿನಲ್ಲಿ ಒಂದು ಚಿಕ್ಕ ಪ್ರೆಸ್ಸು. ಅಲ್ಲಿ ನಾನು ಪ್ರೂಫ್ ತಿದ್ದುತ್ತಿದ್ದೆ. ಗಂಡ ಪ್ರೈಮರಿ ಸ್ಕೂಲಿನ ಮೇಷ್ಟ್ರು. ಬಸವನಗುಡಿಯ ವಠಾರದಲ್ಲಿ ನಮ್ಮ ಮನೆ. ಇಬ್ಬರೂ ದುಡಿದರೆ ಮಾತ್ರ ತಿಂಗಳ ಕೊನೆಯಲ್ಲೂ ಕಾಫಿಗೆ ಹಾಲಿರುತ್ತಿತ್ತು.

ಅಚ್ಚಿನ ಮೊಳೆ ಜೋಡಿಸುವವರು ಆರು ಜನ, ಮೆಷಿನ್ ಓಡಿಸುವವರು ಇಬ್ಬರು, ಬೈಂಡಿಂಗಿಗೆ ಒಬ್ಬ ಗಂಡಸು, ಒಬ್ಬ ಹೆಂಗಸು, ಜೊತೆಗೆ ನಾನು. ಒಟ್ಟು ಹನ್ನೊಂದು ಜನ. ಹಾಜರಿ ಪುಸ್ತಕದಲ್ಲಿ ಮಾತ್ರ ಒಂಬತ್ತು. ಹೆಂಗಸರಿಬ್ಬರ ಹೆಸರು ಅದರಲ್ಲಿ ಇರಲಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಮ್ಮೆ ಯಾಕೆ ಎಂದು ಕೇಳಿದ್ದೆ.

"ನೀವಿಬ್ರೂ ಮನೆಯವರಿದ್ದಂಗೆ. ಮನೆಯವರ ಹೆಸರು ಯಾರಾದ್ರೂ ರಿಜಿಸ್ಟರಲ್ಲಿ ಬರೀತಾರೇನಮ್ಮಾ?" ಎಂದಿದ್ದರು ಯಜಮಾನರು.

ಎರಡು ವರ್ಷ ನಾನು ಆ ಮಾತಿನಿಂದ ಹೆಮ್ಮೆಪಟ್ಟುಕೊಂಡೇ ಇದ್ದೆ. ಯಜಮಾನರು ಕೆಟ್ಟವರಲ್ಲ. ಶುಕ್ರವಾರ ಪೂಜೆ ಮಾಡಿ ಎಲ್ಲರಿಗೂ ಸಕ್ಕರೆ ಪೊಂಗಲ್ ಹಂಚುತ್ತಿದ್ದರು. ಬುದ್ಧಿವಾದವನ್ನಂತೂ ಯಾವ ವಾರವೆಂದು ನೋಡದೆ ಹಂಚುತ್ತಿದ್ದರು.

ನಾನು ನಾಲ್ಕು ತಿಂಗಳ ಬಸುರಿಯಾಗಿದ್ದಾಗ ಒಂದು ದೊಡ್ಡ ಕಾರ್ಖಾನೆಯಿಂದ ಕೆಲಸ ಬಂತು. ಹೆರಿಗೆ ಸೌಲಭ್ಯದ ಹೊಸ ಕಾಯಿದೆಯ ಸಾರಾಂಶವನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಗೇಟಿನ ಹತ್ತಿರ ಅಂಟಿಸಬೇಕಂತೆ. ಪ್ರೂಫ್ ನನ್ನ ಮೇಜಿಗೆ ಬಂತು. ಹೆರಿಗೆಗೆ ಮುಂಚೆ ಆರು ವಾರ, ಆಮೇಲೆ ಆರು ವಾರ ಸಂಬಳ ಸಹಿತ ರಜೆ. ರಜೆಯಲ್ಲಿರುವಾಗ ಕೆಲಸದಿಂದ ತೆಗೆಯುವಂತಿಲ್ಲ. ಕೆಲಸಕ್ಕೆ ಮರಳಿದ ಮೇಲೆ ಮಗುವಿಗೆ ಹಾಲು ಕೊಡಲು ದಿನಕ್ಕೆ ಎರಡು ಸಲ ಬಿಡುವು. ಕಾಪಿಯ ಕೈಬರಹ ಅರ್ಥವಾಗದೆ ಕಂಪೋಸಿಟರು 'ಹೆರಿಗೆ ಭತ್ಯೆ' ಎನ್ನುವುದನ್ನು 'ಹೆರಿಗೆ ಮಿಥ್ಯೆ' ಎಂದು ಜೋಡಿಸಿದ್ದರು. ನಾನು ತಿದ್ದಿದೆ. ನಮ್ಮ ಪ್ರೆಸ್ಸಿನ ಮಟ್ಟಿಗೆ ಅವರು ಜೋಡಿಸಿದ್ದೇ ಸರಿಯೆಂದು ಆಮೇಲೆ ತಿಳಿಯಿತು.

ಎರಡು ಸಲ ಓದಿದರೆ ಸಾಕಿದ್ದ ಪ್ರೂಫನ್ನು ನಾಲ್ಕು ಸಲ ಓದಿ ಯಜಮಾನರ ಮುಂದೆ ಹೋಗಿ ನಿಂತೆ.

"ಸಾರ್, ಈ ಕಾಯಿದೆ ನಮಗೂ ಬರುತ್ತಾ?"

"ಬಂತಲ್ಲಮ್ಮಾ, ಪ್ರಿಂಟಿಗೆ."

"ಹಾಗಲ್ಲ ಸಾರ್. ನನಗೆ ರಜಾ ಸಿಗುತ್ತಾ ಅಂತ."

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಓಹೋ, ಸಂತೋಷ. ಆದ್ರೆ ಅದೆಲ್ಲ ಹತ್ತು ಜನ ಇರೋ ಕಡೆಗೆ. ನಾವಿರೋದು ಒಂಬತ್ತು ಜನ. ನೀವೇ ಎಣಿಸ್ಕೊಳ್ಳಿ."

ನಾನು ತಿರುಗಿ ಎಣಿಸಿದೆ. ಹನ್ನೊಂದು ಜನ ತಲೆ ತಗ್ಗಿಸಿ ಕೆಲಸ ಮಾಡುತ್ತಿರಬೇಕಿತ್ತು. ಹತ್ತು ಜನ ಕಂಡರು. ಹನ್ನೊಂದನೆಯವಳು ಅಲ್ಲಿ ನಿಂತು ಎಣಿಸುತ್ತಿದ್ದಳು.

"ರಜಾ ಬೇಕಾದಷ್ಟು ತಗೊಳ್ಳಿ, ನಾನೇನು ಬೇಡ ಅನ್ನೋ ಮನುಷ್ಯನಾ? ಸಂಬಳ ಒಂದು ಕೇಳ್ಬೇಡಿ. ಮತ್ತೆ ಪರಂಗಿ ಹಣ್ಣು ತಿನ್ಬೇಡಿ" ಎಂದರು.

ಫ್ಯಾಕ್ಟರಿ ಇನ್ಸ್‌ಪೆಕ್ಟರು ಬರುವ ಸುದ್ದಿ ಪ್ರತಿ ಸಲವೂ ಹೇಗೋ ಮುಂಚೆಯೇ ತಿಳಿಯುತ್ತಿತ್ತು. ಆಗ ನಾವಿಬ್ಬರು ಹೆಂಗಸರು ಹಿಂದಿನ ಸೈಟಿನಲ್ಲಿದ್ದ ಹೊಂಗೆ ಮರದ ಕೆಳಗೆ ಹೋಗಿ ಕೂರಬೇಕು. ನನಗೆ ಏಳನೇ ತಿಂಗಳಿದ್ದಾಗ ಮಾತ್ರ ಹೊಸ ಇನ್ಸ್‌ಪೆಕ್ಟರೊಬ್ಬರು ಯಾರಿಗೂ ತಿಳಿಸದೆ ಸೈಕಲ್ಲಿನಲ್ಲಿ ಬಂದುಬಿಟ್ಟರು. ಬೈಂಡಿಂಗಿನಾಕೆ ಹಿಂಬಾಗಿಲಿಂದ ಜಾರಿಕೊಂಡಳು. ಆ ಹೊಟ್ಟೆ ಹೊತ್ತುಕೊಂಡು ನಾನು ಏಳುವಷ್ಟರಲ್ಲಿ ಅವರು ಒಳಗಿದ್ದರು.

"ಬನ್ನಿ ಸಾರ್, ಬನ್ನಿ" ಎಂದು ಯಜಮಾನರು ಎದ್ದರು. "ಇವ್ರು ಗಿರಾಕಿ. ಸೀಮಂತದ ಕಾರ್ಡು ಮಾಡಿಸೋಕೆ ಬಂದಿದಾರೆ."

ಇನ್ಸ್‌ಪೆಕ್ಟರು ವಯಸ್ಸಾದವರು, ಮರ್ಯಾದಸ್ಥರು. ತಮಗೆ ಹಾಕಿದ ಕುರ್ಚಿಯನ್ನು ನನ್ನ ಕಡೆ ಎಳೆದು, "ಕೂತ್ಕೊಳ್ಳಮ್ಮಾ. ಎಷ್ಟು ತಿಂಗಳು?" ಎಂದರು.

"ಏಳು, ಸಾರ್."

"ಎಲ್ಲಾದ್ರೂ ಕೆಲಸಕ್ಕೆ ಹೋಗ್ತೀಯಾ? ಹೋಗೋದಾದ್ರೆ ಕೇಳು, ಈಗ ಹೊಸ ಕಾಯಿದೆ ಬಂದಿದೆ..." ಎಂದು, ನಾನೇ ತಿದ್ದಿದ್ದ ಸಾಲುಗಳನ್ನು ಒಂದೊಂದಾಗಿ ನನಗೆ ವಿವರಿಸತೊಡಗಿದರು. ಯಜಮಾನರು ಗೌರವದಿಂದ ತಲೆದೂಗುತ್ತಿದ್ದರು.

ನನಗೆ ನಗು ಬರಬೇಕಿತ್ತು. ಬರಲಿಲ್ಲ. ಈ ಕೆಲಸ ಹೋದರೆ ಇನ್ನೊಂದು ಸಿಗುವುದು ಕಷ್ಟ. ಆದರೆ ಎರಡು ವರ್ಷ ದಿನವೂ ಬಂದು ಕೂತ ಜಾಗದಲ್ಲಿ ನಾನು ಗಿರಾಕಿಯಾಗಿ ಹೋದದ್ದು ಯಾಕೋ ತಡೆಯಲಾಗಲಿಲ್ಲ.

"ಹೋಗ್ತೀನಿ ಸಾರ್" ಎಂದೆ.

"ಎಲ್ಲಿಗೆ?"

"ಇಲ್ಲಿಗೇ."

ಯಜಮಾನರು ಜೋರಾಗಿ ನಕ್ಕು, "ಇವ್ರು ಯಾವಾಗ್ಲೂ ಹೀಗೇ, ತಮಾಷೆ" ಎಂದರು. ಇನ್ಸ್‌ಪೆಕ್ಟರು ನನ್ನ ಕೈಯಲ್ಲಿದ್ದ ಪ್ರೂಫನ್ನು ತೆಗೆದುಕೊಂಡು ನೋಡಿದರು, ನನ್ನ ತುರುಬಿನಲ್ಲಿ ಸಿಕ್ಕಿಸಿದ್ದ ಕೆಂಪು ಪೆನ್ಸಿಲನ್ನೂ ನೋಡಿದರು.

"ಇದು ಯಾವುದೋ ಬ್ಯಾಂಕಿನ ಫಾರಮ್ಮು. ನಿಮ್ಮ ಗಿರಾಕಿಗಳು ಬೇರೆಯವರ ಪ್ರೂಫನ್ನೂ ತಿದ್ದಿಕೊಡ್ತಾರಾ?"

ಅಷ್ಟರಲ್ಲಿ ಹಿಂಬಾಗಿಲಿನಿಂದ ಬೈಂಡಿಂಗಿನಾಕೆ ತಲೆ ಹಾಕಿ, "ಅಕ್ಕಾ, ಹೋದ್ರಾ?" ಎಂದಳು.

"ಇನ್ನೂ ಇಲ್ಲಮ್ಮಾ. ಒಳಗೆ ಬಾ" ಎಂದರು ಇನ್ಸ್‌ಪೆಕ್ಟರು. ಆಮೇಲೆ ಬೆರಳಿಟ್ಟು ಎಣಿಸಿದರು. ಹನ್ನೊಂದು.

ಹೆಸರುಗಳು ರಿಜಿಸ್ಟರಿಗೆ ಹತ್ತಿದವು. ನನಗೆ ಹನ್ನೆರಡು ವಾರದ ರಜೆ ಸಿಕ್ಕಿತು. ತುಮಕೂರಿನ ತವರಿನಲ್ಲಿ ಹೆಣ್ಣು ಮಗುವಾಯಿತು. ಸಂಬಳ ಮನಿಯಾರ್ಡರಿನಲ್ಲಿ ಬಂತು. ಅದರ ಚೀಟಿಯಲ್ಲಿ, "ಶುಭಾಶಯ. ಬಾಣಂತಿಗೆ ತಣ್ಣೀರು ಬೇಡ" ಎಂದು ಯಜಮಾನರು ಸ್ವಂತ ಕೈಯಲ್ಲಿ ಬರೆದಿದ್ದರು.

ಮಗುವನ್ನು ಎತ್ತಿಕೊಂಡು ಕೆಲಸಕ್ಕೆ ಮರಳಿದರೆ ಶೆಡ್ಡಿನ ನಡುವೆ ಹಲಗೆಯ ಅಡ್ಡಗೋಡೆ ಎದ್ದಿತ್ತು. ಹೊರಗೆ ಎರಡು ಬೋರ್ಡು. ಈ ಕಡೆ ಪ್ರೆಸ್ಸು, ನನ್ನನ್ನೂ ಸೇರಿಸಿ ಒಂಬತ್ತು ಜನ. ಆ ಕಡೆ ಬೈಂಡಿಂಗ್ ವರ್ಕ್ಸ್, ಇಬ್ಬರು. ಅದರ ಮಾಲೀಕರು ಯಜಮಾನರ ಹೆಂಡತಿ. ಅಚ್ಚಾದ ಹಾಳೆಗಳು ಒಂದು ಕಂಪನಿಯಿಂದ ಇನ್ನೊಂದು ಕಂಪನಿಗೆ ಹೋಗಲು ಹಲಗೆಯಲ್ಲಿ ಒಂದು ಕಿಂಡಿ.

"ಈಗ ನಿಜವಾಗ್ಲೂ ಒಂಬತ್ತೇ ಜನ. ಸುಳ್ಳು ಹೇಳೋ ಪಾಪ ತಪ್ಪಿತು" ಎಂದರು ಯಜಮಾನರು, ನಿಜವಾದ ಸಮಾಧಾನದಿಂದ.

ಆರು ತಿಂಗಳಿಗೆ ಬೈಂಡಿಂಗಿನಾಕೆ ಕಿಂಡಿಗೆ ಮುಖವಿಟ್ಟು, "ಅಕ್ಕಾ, ನಂಗೂ ಮೂರು ತಿಂಗಳು" ಎಂದಳು. ಅವಳಿಗೆ ಅದು ಮೂರನೆಯದು. ಎರಡನೆಯದಾದಾಗ ಇಪ್ಪತ್ತನೇ ದಿನಕ್ಕೆ ಸೂಜಿ ದಾರ ಹಿಡಿದು ಕೂತಿದ್ದವಳು. ನಾನು ಹೇಳಿದ ಒಂದು ನಿಜದಿಂದ ನನಗೆ ರಜೆ ಸಿಕ್ಕಿತ್ತು, ಅವಳಿಗೆ ಗೋಡೆ ಸಿಕ್ಕಿತ್ತು. ಆ ದಿನ ತಂದ ಊಟ ನನಗೆ ಸೇರಲಿಲ್ಲ. ಯಜಮಾನರ ಹತ್ತಿರ ಹೋಗಿ ಅವಳ ಪರವಾಗಿ ಕೇಳಿದೆ.

"ಅವಳು ನಮ್ಮ ಕಂಪನಿಯವಳಲ್ಲಮ್ಮಾ. ಅದರ ಓನರ್ ಬೇರೆ. ಅವ್ರನ್ನೇ ಕೇಳ್ಬೇಕು" ಎಂದು ಅವರು ಲೆಡ್ಜರಿಗೆ ಬಗ್ಗಿದರು.

ಸರಿ ಎಂದುಕೊಂಡು ಮಾರನೆಯ ಮಧ್ಯಾಹ್ನ ಅವಳನ್ನು ಕರೆದುಕೊಂಡು ಎರಡು ರಸ್ತೆ ಆಚೆ ಇದ್ದ ಯಜಮಾನರ ಮನೆಗೆ ಹೋದೆ. ಅವರ ಹೆಂಡತಿ ಜಗುಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು.

"ನಿಮ್ಮ ಕಂಪನಿ ವಿಷಯ ಮಾತಾಡ್ಬೇಕಿತ್ತು" ಎಂದೆ.

"ನನ್ನ ಕಂಪನಿಯಾ? ಯಾವುದು?"

ಹೇಳಿದೆ. ಅವರು ಕಾಯಿ ಬಿಡಿಸುವುದನ್ನು ನಿಲ್ಲಿಸಿದರು. "ಅವತ್ತು ಒಲೆ ಮುಂದೆ ಬಂದು ಒಂದು ಸೈನ್ ಹಾಕು ಅಂದ್ರು. ಸೈಟಿಗೇನೋ ಇರ್ಬೇಕು ಅಂತ ಹಾಕ್ದೆ. ಹಂಗಾದ್ರೆ ಅಲ್ಲಿಗೆ ನಾನು ಯಜಮಾನಿ?"

"ಬೋರ್ಡಲ್ಲಿ ಹಾಗೇ ಬರೆದಿದೆ."

ಅವರು ಎದ್ದು ಕೈ ತೊಳೆದು ಬಂದು ಬೈಂಡಿಂಗಿನಾಕೆಯನ್ನು ಕೇಳಿದರು: "ಹೋದ ಸಲ ಎಷ್ಟು ದಿನಕ್ಕೆ ಬಂದೆ?"

"ಇಪ್ಪತ್ತು ದಿನಕ್ಕಮ್ಮಾ. ಬಗ್ಗಿ ಹೊಲಿಗೆ ಹಾಕಿದ್ರೆ ಸೊಂಟ ಹಿಡ್ಕೊಳ್ಳೋದು."

"ನಾನು ಒಂದೊಂದು ಸಲಾನೂ ಐದೈದು ತಿಂಗಳು ತವರಲ್ಲಿ ಮಲಗಿದ್ದೆ" ಎಂದು ಆಕೆ ಒಳಗಿನಿಂದ ಪೆನ್ನು ತಂದು ನನ್ನ ಕೈಗೆ ಕೊಟ್ಟರು. "ಬರೀರಿ. ಮೂರು ತಿಂಗಳು, ಸಂಬಳದ ಜೊತೆ. ಹೇಗೆ ಬರೀಬೇಕೋ ನಿಮಗೆ ಗೊತ್ತಲ್ಲ."

ಹಳೆಯ ಲಗ್ನಪತ್ರಿಕೆಯೊಂದರ ಬೆನ್ನ ಮೇಲೆ ಬರೆದೆ. ಆಕೆ ಒಂದೊಂದೇ ಅಕ್ಷರ ನಿಧಾನವಾಗಿ ಬರೆದು ಸಹಿ ಹಾಕಿದರು. ಈ ಸಲ ಓದಿಸಿಕೊಂಡು ಹಾಕಿದರು.

ಮರುದಿನ ಯಜಮಾನರು ಆ ಕಾಗದ ಹಿಡಿದು ಬಂದರು. "ಇಬ್ಬರೇ ಇರೋ ಕಂಪನಿಗೆ ಕಾಯಿದೆ ಬರೋದೇ ಇಲ್ವಲ್ಲಮ್ಮಾ!"

"ಕಾಯಿದೆ ಕೊಟ್ಟಿಲ್ಲ ಸಾರ್. ಓನರ್ ಕೊಟ್ಟಿದಾರೆ."

ಮನೆಯಲ್ಲಿ ಏನು ಮಾತಾಯಿತೋ ನನಗೆ ಗೊತ್ತಿಲ್ಲ. ಎರಡು ದಿನ ಅವರು ಹೋಟೆಲಿನಲ್ಲಿ ಊಟ ಮಾಡಿದರು, ಮೂರನೆಯ ದಿನ ಒಪ್ಪಿಕೊಂಡರು. ಬೈಂಡಿಂಗಿನಾಕೆ ಮೂರು ತಿಂಗಳು ಹಾಯಾಗಿ ಮಲಗಿದ್ದು, ಗಂಡು ಮಗುವಿನೊಂದಿಗೆ ಬಂದಳು.

ಅಷ್ಟರಲ್ಲಿ ಯಜಮಾನಿಗೆ ಕಂಪನಿಯ ರುಚಿ ಹತ್ತಿತ್ತು. ಶನಿವಾರ ಶನಿವಾರ ಬಂದು ಆ ಕಡೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಮೊದಲ ಶನಿವಾರವೇ ಸುತ್ತ ನೋಡಿ, "ಹೆಂಗಸರಿಗೆ ಕಕ್ಕಸು ಎಲ್ಲಿ?" ಎಂದು ಕೇಳಿದರು. ಅಷ್ಟು ವರ್ಷದಿಂದ ಅದು ಇರಲೇ ಇಲ್ಲ. ಯಜಮಾನರು ಕಿಂಡಿಯಿಂದ, "ಅದು ನಿಮ್ಮ ಕಂಪನಿ ವಿಷಯ" ಎಂದರು. ಯಜಮಾನಿ ಒಂದೇ ತಿಂಗಳಲ್ಲಿ ಆ ಕಡೆ ಕಟ್ಟಿಸಿದರು, ಬೀಗದ ಸಮೇತ. ನಾನು ಬೇರೆ ಕಂಪನಿಯವಳಾದ್ದರಿಂದ ದಿನವೂ ಕಿಂಡಿಯಲ್ಲಿ ಕೈ ಚಾಚಿ ಬೀಗದ ಕೈ ಕೇಳಬೇಕಿತ್ತು. ಬೈಂಡಿಂಗಿನಾಕೆ ಒಂದು ದಿನವೂ ಇಲ್ಲವೆನ್ನಲಿಲ್ಲ.