ಇಂಗಿನ ಡಬ್ಬಿ, ಬೀಗಿತ್ತಿಯ ಶ್ಯಾವಿಗೆ

ಮಕ್ಕಳೇ, ನಿಮ್ಮಮ್ಮನಿಗೆ ಗೋಧಿ ಆಗುವುದಿಲ್ಲವೆಂದು ನಿಮಗೆ ಗೊತ್ತೇ ಇದೆ. ಡಾಕ್ಟರು ಸೀಲಿಯಾಕ್ ಎಂದು ಹೆಸರು ಹೇಳಿದಾಗ ನಿಮ್ಮಲ್ಲಿ ದೊಡ್ಡವಳಿಗೆ ಇನ್ನೂ ಹಲ್ಲು ಬಂದಿರಲಿಲ್ಲ. ಒಂದು ಚೂರು ಮೈದಾ ಹೊಟ್ಟೆಗೆ ಹೋದರೂ ನಿಮ್ಮಮ್ಮ ಎರಡು ದಿನ ಮುದುಡಿ ಮಲಗುತ್ತಿದ್ದಳು.

ಸ್ಕಾರ್‌ಬರೋದ ನಿಮ್ಮ ಫಿಲಿಪೀನೋ ಅಜ್ಜಿಯ ಮನೆಯಲ್ಲಿ ಬಂದವರ ಕೈಗೆ ಮೊದಲು ತಟ್ಟೆ, ಆಮೇಲೆ ಮಾತು. ಅಂಥ ಮನೆಯ ಮಗಳು ತವರಿಗೆ ಡಬ್ಬಿಯಲ್ಲಿ ಊಟ ಕಟ್ಟಿಕೊಂಡು ಹೋಗತೊಡಗಿದಳು. ಆ ಡಬ್ಬಿ ಕಂಡರೆ ಸಾಕು, ಅವಳಮ್ಮ, ನನ್ನ ಬೀಗಿತ್ತಿ, ಒಲೆಯ ಕಡೆ ಮುಖ ತಿರುಗಿಸಿಬಿಡುತ್ತಿದ್ದರು.

ಡಬ್ಬಿಯಲ್ಲಿರುತ್ತಿದ್ದುದು ನಾನು ಮಾಡಿದ ಅನ್ನ, ಸಾರು. ನನಗೆ ಒಳಗೊಳಗೇ ಜಂಬ. ಆದರೆ ಅದನ್ನು ಉಂಡ ದಿನವೂ ಅವಳಿಗೆ ನೋವು ಬರುತ್ತಿತ್ತು. "ನಿಮ್ಮ ಸಾರಿನಿಂದಲ್ಲ ಅತ್ತೆ, ಬೇರೇನೋ ಇರಬೇಕು," ಎನ್ನುತ್ತಿದ್ದಳು ಪಾಪ.

ದೊಡ್ಡವಳ ಮೊದಲ ಹುಟ್ಟುಹಬ್ಬದ ಬೆಳಿಗ್ಗೆ ಒಗ್ಗರಣೆಗೆಂದು ಹೊಸ ಇಂಗಿನ ಡಬ್ಬಿ ಒಡೆದೆ. ಎಲ್ಲ ಪೊಟ್ಟಣವನ್ನೂ ಓದಮ್ಮಾ ಎಂದು ನಿಮ್ಮಪ್ಪ ಹೇಳಿದ್ದ. ಇಂಗನ್ನೂ ಓದಬೇಕೆಂದು ನನಗೆ ಹೊಳೆದೇ ಇರಲಿಲ್ಲ! ಅಂದು ಅದರ ಮೇಲೆ ಕಣ್ಣು ಬಿದ್ದು, ಹಳ್ಳಿ ಶಾಲೆಯ ಇಂಗ್ಲಿಷಿನಲ್ಲಿ ಅಕ್ಷರಕ್ಕೊಂದು ಬೆರಳಿಟ್ಟು ಓದಿದೆ. ಗೋಧಿಹಿಟ್ಟು! ಇಂಗಿಗೆ ಗೋಧಿಹಿಟ್ಟು ಬೆರೆಸಿದ್ದರು. ಹಳೆಯ ಡಬ್ಬಿಯೂ ಅದೇ ಕಂಪನಿಯದು! ಅಯ್ಯೋ ಎನಿಸಿತು, ಮರುಗಳಿಗೆಯೇ, ಕಳ್ಳ ಸಿಕ್ಕನಲ್ಲ ಎಂದು ಕುಣಿಯುವಂತಾಯಿತು. ಆಗಲೇ ಇಂಗು ಬಿದ್ದಿದ್ದ ಸಾರನ್ನೆಲ್ಲ ಚೆಲ್ಲಿದೆ. ಅಂದು ಡಬ್ಬಿ ಕಟ್ಟಲಿಲ್ಲ.

ಬೀಗರಲ್ಲಿ ಹುಟ್ಟುಹಬ್ಬಕ್ಕೆ ಆಯುಸ್ಸು ಹೆಚ್ಚಲೆಂದು ಉದ್ದನೆಯ ಶ್ಯಾವಿಗೆ ತಿನ್ನಲೇಬೇಕು. ಮಗಳೂ ತಿನ್ನಲಿ ಎಂದು ಬೀಗಿತ್ತಿ ಅಕ್ಕಿಯ ಶ್ಯಾವಿಗೆಯನ್ನೇ ತಂದಿದ್ದರು. ಹಬ್ಬದೂಟಕ್ಕೆ ಅವರ ಮನೆಗೆ ಹೋಗುವ ದಾರಿಯುದ್ದಕ್ಕೂ ನನಗೆ ಒಂದೇ ಯೋಚನೆ: ನನ್ನ ಒಲೆಯಲ್ಲೇ ಹೀಗಾದರೆ ಅವರ ಒಲೆಯಲ್ಲಿ?

ಬೀಗರ ಮನೆಯಲ್ಲಿ ಬಾಯಿಯೇ ತೆಗೆಯದ ನಾನು ಅಂದು ನೇರ ಅಡುಗೆಮನೆಗೆ ನುಗ್ಗಿದೆ. ಸೋಯಾ ಸಾಸಿನ ಬಾಟಲಿ ಬಾಣಲೆಯ ಮೇಲೆ ಬಗ್ಗಿತ್ತು. ಅವರ ಕೈ ಹಿಡಿದುಬಿಟ್ಟೆ.

"ಸ್ಟಾಪ್! ಮೊದಲು ಓದಿ!"

ಓದಿದರು. ಅದರಲ್ಲೂ ಗೋಧಿ.

"ಹಾಗಾದರೆ ಇಷ್ಟು ವರ್ಷ ನನ್ನ ಮಗಳಿಗೆ ನಾನೇ ವಿಷ ಹಾಕಿದೆನಾ, ಬಲಾಯೆ?" ಎಂದರು. ಬೀಗರನ್ನು ಅವರು ಕರೆಯುವುದೇ ಹಾಗೆ.

"ನಾನೂ ಹಾಕಿದೆ," ಎಂದು ನನಗೆ ಬಂದ ಇಂಗ್ಲಿಷಿನಲ್ಲಿ ಇಂಗಿನ ಕಥೆ ಹೇಳಿದೆ.

ಬಿಟ್ಟ ಬಾಯಿ ಬಿಟ್ಟಂತೆ ಕೇಳಿದರು. "ಒಳ್ಳೆ ಜೋಡಿ ನಾವು! ಇಬ್ಬರನ್ನೂ ಪೊಲೀಸರು ಹಿಡಿಯಬೇಕು," ಎಂದು ಕಣ್ಣೊರೆಸಿಕೊಂಡು ನಕ್ಕರು.

ಹಳೆಯದರಲ್ಲಿ ಸೋಯಾ ಅಂಟಿರಬಹುದೆಂದು ಹೊಸ ಬಾಣಲೆ ಇಟ್ಟೆವು. ಸೋಯಾ ಬದಲು ಮೀನಿನ ರಸ ಹಾಕೋಣವೆಂದರು. ಸೆರಗಿನಿಂದ ಮೂಗು ಮುಚ್ಚಿಕೊಂಡು ಅದರ ಬಾಟಲಿಯನ್ನೂ ಓದಿದೆ: ಮೀನು, ಉಪ್ಪು, ಅಷ್ಟೇ.

"ಅಕ್ಕಾ, ಶ್ಯಾವಿಗೆಗೆ ಏನು ಬಂತು? ರಕ್ತವಿಲ್ಲದ ಹಾಗೆ ಬಿಳಿಚಿಕೊಂಡಿದೆ!" ಎಂದು ಸೋಯಾದ ಬಣ್ಣವಿಲ್ಲದ ತಟ್ಟೆ ನೋಡಿ ಬೀಗಿತ್ತಿಯ ತಮ್ಮ ಕಿಚಾಯಿಸಿದ.

"ಬಾಯಿ ಮುಚ್ಚಿಕೊಂಡು ತಿನ್ನು!" ಎಂದು ಗದರಿದರು ಬೀಗಿತ್ತಿ.

ನಿಮ್ಮಮ್ಮ ಒಂದು ತಟ್ಟೆ ತಿಂದಳು. ಮತ್ತೊಂದು ಹಾಕಿಸಿಕೊಂಡಳು. ನಾವಿಬ್ಬರೂ ತಿನ್ನುವುದು ಮರೆತು ಅವಳ ಮುಖವನ್ನೇ ನೋಡುತ್ತಿದ್ದೆವು.

ಮರುದಿನ ಬೆಳಿಗ್ಗೆ ಏಳಕ್ಕೇ ಫೋನು. "ಹೇಗಿದ್ದಾಳೆ? ಹೊಟ್ಟೆನೋವಾ?" ಎಂದರು ಬೀಗಿತ್ತಿ, ನಾನು ಹಲೋ ಎನ್ನುವ ಮೊದಲೇ.

ತಿರುಗಿ ನೋಡಿದೆ. ನಿಮ್ಮಮ್ಮ ಫ್ರಿಜ್ಜಿನ ಬಾಗಿಲು ತೆರೆದು ನಿಂತು, ಉಳಿದ ಶ್ಯಾವಿಗೆಯನ್ನು ತಣ್ಣಗಿರುವಂತೆಯೇ ತಿನ್ನುತ್ತಿದ್ದಳು. "ಫೋನ್ ಇಲ್ಲಿ ಕೊಡಿ ಅತ್ತೆ," ಎಂದಳು, ಬಾಯಿ ತುಂಬಿಕೊಂಡೇ.