ಈ ಮಿಂಚುಳ್ಳಿಯ ಫೋಟೋ ತೆಗೆದದ್ದು ಯಾರು?

ನನ್ನ ಜೀವಮಾನದ ಅತ್ಯುತ್ತಮ ಫೋಟೋ ತೆಗೆದಾಗ ನಾನು ಚಿತ್ರಾನ್ನ ತಿನ್ನುತ್ತಿದ್ದೆ.

ತಮಾಷೆಯಲ್ಲ. ಹೋದ ತಿಂಗಳ ಒಂದು ಶನಿವಾರ, ಬೆಳಿಗ್ಗೆ ಹತ್ತೂವರೆ. ಲಂಡನ್ನಿನ ಅಂಚಿನ ಫೆಲ್ಥಮ್‌ನಲ್ಲಿರುವ ನಮ್ಮ ಮನೆಯಿಂದ ಸ್ವಲ್ಪ ದೂರದಲ್ಲೇ ಕ್ರೇನ್ ನದಿ ಹರಿಯುತ್ತದೆ. ನದಿ ಎಂದೊಡನೆ ಕಾವೇರಿಯನ್ನು ನೆನೆಸಿಕೊಳ್ಳಬೇಡಿ, ಪ್ಯಾಂಟು ಮಡಿಚಿದರೆ ದಾಟಬಹುದು. ಅದರ ದಡದಲ್ಲಿ ಮಡಿಸುವ ಕುರ್ಚಿ ಹಾಕಿಕೊಂಡು, ನೀರಿನ ಮೇಲೆ ಚಾಚಿದ ಒಂದು ಒಣ ಕೊಂಬೆಗೆ ಕ್ಯಾಮೆರಾ ಗುರಿಯಿಟ್ಟು ಮಿಂಚುಳ್ಳಿಗಾಗಿ ಕಾಯುತ್ತಿದ್ದೆ. ಪಕ್ಕದ ಕುರ್ಚಿಯಲ್ಲಿ ಹೆಂಡತಿ ವಸುಧಾ. ಅವಳು ಆಸ್ಪತ್ರೆಯಲ್ಲಿ ಫಾರ್ಮಸಿಸ್ಟ್. ಅಪರೂಪಕ್ಕೆ ಶನಿವಾರ ರಜೆ ಸಿಕ್ಕಿತ್ತು, ನನ್ನ ಕಾಟಕ್ಕೆ ಬಂದಿದ್ದಳು.

ಮಿಂಚುಳ್ಳಿಯೇ ಏಕೆ? ಅದಕ್ಕೊಂದು ಹಿನ್ನೆಲೆಯಿದೆ. ನಮ್ಮ ಕನ್ನಡ ಸಂಘ ಪ್ರತಿ ಯುಗಾದಿಗೆ ಸದಸ್ಯರು ತೆಗೆದ ಫೋಟೋಗಳ ಕ್ಯಾಲೆಂಡರ್ ಮಾಡುತ್ತದೆ. ಏಳು ವರ್ಷಗಳಿಂದ ಅದರಲ್ಲಿ ನನ್ನದೂ ಒಂದು ಇರುತ್ತದೆ. ಏಳು ವರ್ಷವೂ ಬಾತುಕೋಳಿ. ಹೌನ್ಸ್ಲೋದಲ್ಲಿ ಯಾರದಾದರೂ ಮನೆಯ ಸತ್ಯನಾರಾಯಣ ಪೂಜೆಗೆ ಹೋದರೆ, 'ಇವರು ಬಾತುಕೋಳಿ ಪ್ರಸಾದ್' ಎಂದೇ ಪರಿಚಯ ಮಾಡಿಸುತ್ತಾರೆ. ಈ ಸಲ ಆ ಹೆಸರು ಕಳೆದುಕೊಳ್ಳಲೇಬೇಕು ಎಂದು ಹಟ ಹಿಡಿದಿದ್ದೆ.

ಕ್ಯಾಮೆರಾದ ಬಗ್ಗೆಯೂ ನಾಲ್ಕು ಮಾತು ಹೇಳಬೇಕು (ಹೇಳದಿದ್ದರೆ ನನಗೆ ತಿಂದದ್ದು ಜೀರ್ಣವಾಗುವುದಿಲ್ಲ). ಹೊಸದು. ಲೆನ್ಸ್ ನನ್ನ ಮಗಳು ಹುಟ್ಟಿದಾಗ ಇದ್ದಷ್ಟೇ ಭಾರ, ಅವಳಿಗಿಂತ ಹೆಚ್ಚು ಜೋಪಾನ. ಅದನ್ನು ಅಲುಗಾಡದಂತೆ ಇಡಲು ಒಂದು ಬಟ್ಟೆಯ ಚೀಲವಿದೆ. ಅಂಗಡಿಯಿಂದ ಬರುವಾಗ ಖಾಲಿಯಿರುತ್ತದೆ, ನಾವೇ ಏನಾದರೂ ತುಂಬಿಕೊಳ್ಳಬೇಕು. ನಾನು ಎರಡು ಕೆಜಿ ಸೋನಾ ಮಸೂರಿ ತುಂಬಿದ್ದೇನೆ. ಮನೆಯಲ್ಲಿ ಅಕ್ಕಿ ಮುಗಿದಾಗ ವಸುಧಾ ಎರಡು ಸಲ ಆ ಚೀಲದಿಂದಲೇ ಅನ್ನ ಮಾಡಿದ್ದಾಳೆ.

ಈ ಕ್ಯಾಮೆರಾ ಹಕ್ಕಿಯ ಕಣ್ಣನ್ನು ತಾನೇ ಹುಡುಕಿ ಫೋಕಸ್ ಮಾಡುತ್ತದೆ. ಹಕ್ಕಿ, ನಾಯಿ, ರೈಲು, ವಿಮಾನ, ಎಲ್ಲವೂ ಗೊತ್ತಂತೆ. ಹೀಥ್ರೂ ಪಕ್ಕದಲ್ಲಿರುವವರಿಗೆ ಇದೇ ಫಜೀತಿ. ಮೊದಲ ದಿನ ಗಿಡುಗಕ್ಕೆ ಗುರಿಯಿಟ್ಟರೆ, ಕ್ಯಾಮೆರಾ ಹಿಂದೆ ಇಳಿಯುತ್ತಿದ್ದ ವಿಮಾನಕ್ಕೆ ಫೋಕಸ್ ಮಾಡಿಕೊಂಡು ಕೂತಿತ್ತು. ಕೊನೆಗೆ 'ಹಕ್ಕಿ ಮಾತ್ರ' ಎಂದು ಮೆನುವಿನಲ್ಲಿ ಹೇಳಬೇಕಾಯಿತು.

ಇನ್ನೊಂದು ವಿದ್ಯೆಯೂ ಇದೆ, ನನ್ನ ತಲೆ ಕೆಟ್ಟಿರುವುದು ಅದರಿಂದಲೇ. ಗುಂಡಿಯ ಮೇಲೆ ಬೆರಳನ್ನು ಹಗುರಾಗಿ ಇಟ್ಟುಕೊಂಡರೆ ಸಾಕು, ಕ್ಯಾಮೆರಾ ಸದ್ದಿಲ್ಲದೆ ಒಂದೇ ಸಮನೆ ಫೋಟೋ ತೆಗೆಯುತ್ತಾ, ಬಿಸಾಡುತ್ತಾ ಇರುತ್ತದೆ. ನಾವು ಪೂರ್ತಿ ಒತ್ತಿದ ಕೂಡಲೇ ಅದಕ್ಕಿಂತ ಒಂದು ಸೆಕೆಂಡ್ ಹಿಂದಿನವನ್ನೂ ಉಳಿಸಿಕೊಡುತ್ತದೆ. ನಮ್ಮ ಬೆರಳು ತಡ ಮಾಡಿದರೂ ಹಕ್ಕಿ ತಪ್ಪುವುದಿಲ್ಲ. ನನ್ನಂಥ ಐವತ್ತರ ಬೆರಳುಗಳಿಗೆಂದೇ ಮಾಡಿದ್ದಾರೆ.

ಸರಿ. ಎರಡು ಗಂಟೆ ಕಾದೆವು. ತಲೆಯ ಮೇಲೆ ಗಿಳಿಗಳ ಗಲಾಟೆ (ಇಲ್ಲಿ ಕಾಗೆಗಿಂತ ಗಿಳಿಯೇ ಜಾಸ್ತಿ ಅನ್ನಿಸುತ್ತದೆ). ವಸುಧಾ ಡಬ್ಬಿ ಬಿಚ್ಚಿದಳು. ಬಲಗೈ ಬೆರಳು ಗುಂಡಿಯ ಮೇಲೆ, ಎಡಗೈಯಲ್ಲಿ ಚಮಚ. ಚಿತ್ರಾನ್ನದಲ್ಲಿ ಕಡಲೆಕಾಯಿ ಬೀಜ ಹುಡುಕುತ್ತಿದ್ದೆ. ಆಗ ವಸುಧಾ 'ರೀ' ಎಂದು ಮೊಣಕೈಗೆ ತಿವಿದಳು. ಬೆಚ್ಚಿಬಿದ್ದೆ. ಬೆರಳು ಗುಂಡಿಯನ್ನು ಒತ್ತಿತು. ತಲೆಯೆತ್ತಿ ನೋಡಿದರೆ ಕೊಂಬೆ ಅಲ್ಲಾಡುತ್ತಿತ್ತು, ನೀರಿನಲ್ಲಿ ಒಂದು ಉಂಗುರ ಹರಡುತ್ತಿತ್ತು. ಅಷ್ಟೇ.

ಮನೆಗೆ ಬಂದು ಕಂಪ್ಯೂಟರಿಗೆ ಹಾಕಿದೆ. ಇತ್ತು! ಮಿಂಚುಳ್ಳಿ ಕೊಂಬೆಯ ಮೇಲೆ ಕೂತದ್ದು, ಕತ್ತು ಬಾಗಿಸಿದ್ದು, ರೆಕ್ಕೆ ಬಿಚ್ಚಿ ಕೊಂಬೆ ಬಿಟ್ಟದ್ದು. ಆ ಕೊನೆಯದಂತೂ ಗರಿ ಗರಿಯೂ ಎಣಿಸಬಹುದಾದಷ್ಟು ಸ್ಪಷ್ಟ. ನಾನು ಅಡುಗೆಮನೆಯಲ್ಲಿ ಅಕ್ಷರಶಃ ಕುಣಿದೆ. ಕೆಂಟನ್‌ನಲ್ಲಿರುವ ಡಾಕ್ಟರ್ ಕುಲಕರ್ಣಿಯವರಿಗೆ ಆಗಲೇ ವಾಟ್ಸಾಪ್ ಮಾಡಿದೆ. ಧಾರವಾಡದವರು, ಆಸ್ಪತ್ರೆಯಿಂದ ನಿವೃತ್ತರಾದ ಮೇಲೆ ಸಂಘದ ಕ್ಯಾಲೆಂಡರಿನ ಜವಾಬ್ದಾರಿ ಅವರದೇ. ಅವರು ತಕ್ಷಣ ಫೋನ್ ಮಾಡಿದರು.

"ಫೋಟೋ ಭಾಳ ಛಲೋ ಬಂದದರಿ. ಏಪ್ರಿಲ್ ತಿಂಗಳಿಗೆ ಇದನ್ನ ಹಾಕೋಣು. ಈ ವರ್ಷ ಫೋಟೋದ ಕೆಳಗ ನಾಲ್ಕು ಸಾಲು ಹಾಕ್ತೀವಿ. ಹಕ್ಕಿ ಕಂಡಾಗ ನಿಮಗ ಏನನ್ನಿಸ್ತು, ಬರದು ಕಳಸ್ರಿ."

ಏಪ್ರಿಲ್! ಯುಗಾದಿಯ ಮೊದಲ ಪುಟ! ಬರೆಯಲು ಕೂತೆ. ಹಕ್ಕಿ ಕಂಡಾಗ ನನಗೆ ಏನನ್ನಿಸಿತು?

ನನಗೆ ಹಕ್ಕಿ ಕಂಡೇ ಇರಲಿಲ್ಲ.

ವಾರ ವಾರವೂ ಈ ಅಂಕಣ ಬರೆಯುವವನಿಗೆ ನಾಲ್ಕು ಸಾಲು ಹುಟ್ಟಲಿಲ್ಲ ಎಂದರೆ ನೀವು ನಗುತ್ತೀರಿ. ಬುಧವಾರದವರೆಗೆ ಒದ್ದಾಡಿದೆ. ಬೇಕಾದರೆ ಸುಳ್ಳು ಬರೆಯಬಹುದಿತ್ತು. ಆದರೆ ಈ ಫೋಟೋ ತೆಗೆದದ್ದು ನಾನೇ ಎನ್ನುವುದೇ ಸುಳ್ಳಾಗಿರಬಹುದಲ್ಲ? ನಾನು ಒತ್ತುವ ಮೊದಲೇ ಫೋಟೋ ಆಗಿಹೋಗಿತ್ತು. ಒತ್ತಿದ್ದು ಕೂಡ ನಾನಲ್ಲ, ತಿವಿದ ರಭಸಕ್ಕೆ ಬೆರಳು ಒತ್ತಿಕೊಂಡಿತು. ನೋಡಿದವಳು ವಸುಧಾ. ಫೋಕಸ್ ಮಾಡಿದ್ದು ಕ್ಯಾಮೆರಾ. ನನ್ನ ಪಾಲಿನದೇನು? ಚಿತ್ರಾನ್ನವೇ?

ಮಗಳು ಅನನ್ಯಾಗೆ ಹದಿನಾಲ್ಕು. ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ. ನನ್ನ ಗೋಳು ಕೇಳಿ ಅವಳು, ಅಪ್ಪ ಟ್ರೈಪಾಡ್ ಆಗಿದ್ದರು ಎಂದು ಬರೆದುಬಿಡಿ ಅಂದಳು.

ವಸುಧಾಗೆ ನನ್ನ ಚಿಂತೆಯೇ ಅರ್ಥವಾಗಲಿಲ್ಲ. "ಕುಕ್ಕರ್ ಕೂಗಿತು ಅಂತ ಅನ್ನ ಮಾಡಿದ್ದು ಕುಕ್ಕರ್ ಅಂತೀರಾ? ನಿಮ್ಮ ಹೆಸರೇ ಹಾಕ್ಕೊಳಿ, ಹೋಗಿ" ಎಂದಳು. ಸಮಾಧಾನವಾಯಿತು. ಒಂದು ದಿನ ಮಾತ್ರ. ಆಮೇಲೆ ಹೊಳೆಯಿತು, ಕುಕ್ಕರ್ ಇಟ್ಟವಳಿಗೆ ತಾನು ಅನ್ನ ಮಾಡುತ್ತಿದ್ದೇನೆ ಎಂದಾದರೂ ಗೊತ್ತಿರುತ್ತದೆ.

ಕೊನೆಗೆ ಅವಳನ್ನೇ ಕೇಳಿದೆ, ಹಕ್ಕಿ ಹೇಗಿತ್ತು ಹೇಳು, ಅದನ್ನೇ ಬರೆಯುತ್ತೇನೆ ಅಂತ. ಅವಳು ಚಪಾತಿ ಲಟ್ಟಿಸುವುದನ್ನು ನಿಲ್ಲಿಸಿದಳು. ಪರದೆಯ ಮೇಲಿದ್ದ ಫೋಟೋವನ್ನು ಸ್ವಲ್ಪ ಹೊತ್ತು ನೋಡಿದಳು.

"ಇದು ಚೆನ್ನಾಗಿದೆ. ಆದ್ರೆ ನಾನು ನೋಡಿದ್ದು ಇದಲ್ಲ ಕಣ್ರೀ. ಇದು ಇಲ್ಲೇ ಇದೆ. ಅದು ಇರಲೇ ಇಲ್ಲ ಅನ್ನೋ ಹಾಗೆ ಹೋಯ್ತು."

ಅವಳ ಮುಖ ನೋಡಿ ನನಗೆ ನಿಜವಾಗಿ ಹೊಟ್ಟೆಕಿಚ್ಚಾಯಿತು. ಮೂವತ್ತು ವರ್ಷದಿಂದ ಕ್ಯಾಮೆರಾ ಹೊತ್ತವನು ನಾನು. ಹಕ್ಕಿ ಕಂಡದ್ದು ಡಬ್ಬಿ ತಂದವಳಿಗೆ!

ಮುಂದಿನ ಶನಿವಾರ ಅವಳಿಗೆ ಡ್ಯೂಟಿ. ನಾನೊಬ್ಬನೇ ಹೋದೆ. ಅದೇ ಕೊಂಬೆ, ಅದೇ ಅಕ್ಕಿ ಚೀಲ. ಮೆನುವಿಗೆ ಹೋಗಿ ಆ ಹಿಂದಿನ ಸೆಕೆಂಡಿನ ವಿದ್ಯೆಯನ್ನು ಆಫ್ ಮಾಡಿದೆ. ಈ ಸಲ ನಾನು ನೋಡಿ, ನಾನೇ ಒತ್ತಬೇಕು. ಚಿತ್ರಾನ್ನವನ್ನೂ ಒಯ್ಯಲಿಲ್ಲ.

ಮೂರು ಗಂಟೆ ಕಾದ ಮೇಲೆ ಅದು ಬಂತು.

ಎಲ್ಲಿಂದ ಬಂತೋ ತಿಳಿಯಲಿಲ್ಲ. ಕೊಂಬೆಯ ಮೇಲೆ ಇತ್ತು. ಅಂಗೈಯಷ್ಟು ಕೂಡ ಇಲ್ಲ, ಅಷ್ಟು ಚಿಕ್ಕದು ಅಂದುಕೊಂಡಿರಲೇ ಇಲ್ಲ. ಒಮ್ಮೆ ತಲೆ ಕುಣಿಸಿತು. ಹೊಟ್ಟೆಯ ಕೇಸರಿ ಬಣ್ಣ ನೀರಿನಲ್ಲೂ ಕಾಣುತ್ತಿತ್ತು. ನಾನು ನೋಡುತ್ತಲೇ ಇದ್ದೆ. ಅದು ಹಾರಿತು, ಬೆನ್ನ ಮೇಲಿನ ನೀಲಿ ಒಂದು ಗೆರೆಯಾಗಿ ನೀರಿನ ಮೇಲೆ ಹೋಯಿತು. ಆಗ ನೆನಪಾಯಿತು, ಗುಂಡಿ ಒತ್ತಬೇಕು ಅಂತ. ಒತ್ತಿದೆ.

ಇಪ್ಪತ್ತು ಫೋಟೋ ಬಂದಿವೆ. ಇಪ್ಪತ್ತರಲ್ಲೂ ಖಾಲಿ ಕೊಂಬೆ. ಫೋಕಸ್ ಮಾತ್ರ ಅದ್ಭುತವಾಗಿದೆ.

ಈಗ ನನ್ನ ಬಳಿ ನಾನು ನೋಡದ ಹಕ್ಕಿಯ ಫೋಟೋ ಒಂದಿದೆ. ನಾನು ನೋಡಿದ ಹಕ್ಕಿ ಇಲ್ಲದ ಫೋಟೋಗಳು ಇಪ್ಪತ್ತಿವೆ. ಯಾವುದು ನನ್ನದು? ಎರಡು ದಿನ ಯೋಚಿಸಿದೆ. ಕೊನೆಗೆ ಎರಡು ಬಗೆಯದನ್ನೂ ಕಳಿಸಿದೆ. ಹಾರುತ್ತಿರುವ ಮಿಂಚುಳ್ಳಿಗೆ 'ಚಿತ್ರ: ವಸುಧಾ' ಎಂದು ಹಾಕಿದೆ (ಅವಳಿಗಿನ್ನೂ ಹೇಳಿಲ್ಲ, ಬೈಸಿಕೊಳ್ಳುವುದು ಬಾಕಿಯಿದೆ). ಖಾಲಿ ಕೊಂಬೆಯ ಕೆಳಗೆ ನನ್ನ ಹೆಸರು, ಜೊತೆಗೆ ನಾಲ್ಕು ಸಾಲು. ಆ ನಾಲ್ಕು ಸಾಲು ಬರೆಯಲು ಐದು ನಿಮಿಷವೂ ಬೇಕಾಗಲಿಲ್ಲ.

ನಿನ್ನೆ ಸಂಜೆ ಕುಲಕರ್ಣಿಯವರ ಫೋನ್ ಬಂತು. ವಸುಧಾ ಅವರ ಫೋಟೋ ಏಪ್ರಿಲ್‌ಗೆ ಖಾತ್ರಿ ಎಂದರು. ಆಮೇಲೆ ಡಾಕ್ಟರು ರೋಗಿಯನ್ನು ವಿಚಾರಿಸುವಷ್ಟೇ ಮೆತ್ತಗೆ ಕೇಳಿದರು:

"ಪ್ರಸಾದ್ ಅವರ, ನೀವು ಬರದದ್ದು ಭಾಳ ಛಲೋ ಅದ. ಆದ್ರ ಫೋಟೋದಾಗ ಹಕ್ಕಿ ಎಲ್ಲಿ ಅದರಿ?"

ನನ್ನ ಹತ್ತಿರ ಇದೆ ಎಂದರೆ ನಂಬುತ್ತಾರೆಯೇ?