ಅವ್ವನ ಎಡ ಅಂಗೈ

ಬೆಳಗಿನ ಆರು ಗಂಟೆಗೆ ಅವ್ವನ ಅಂಗೈಯಿಂದ ಲಿಂಗ ಜಾರಿ ನೆಲಕ್ಕೆ ಬಿತ್ತು.

ನಾನು ಬಾಗಿಲ ಬಳಿ ಕೂತು ಬೂಟಿನ ಲೇಸು ಕಟ್ಟುತ್ತಿದ್ದೆ. ಸದ್ದು ಕೇಳಿ ತಿರುಗಿದರೆ ಅವ್ವ ಖಾಲಿ ಅಂಗೈಯನ್ನೇ ನೋಡುತ್ತ ಕೂತಿದ್ದಳು. ಎಪ್ಪತ್ತೊಂದು ವರ್ಷದ ಹೆಂಗಸು. ತಿಳಿವಳಿಕೆ ಬಂದಾಗಿನಿಂದ ದಿನಾ ಜಳಕ ಮಾಡಿ, ಹಣೆಗೆ ಇಬತ್ತಿ ಹಚ್ಚಿ, ಕೊರಳಲ್ಲಿನ ಲಿಂಗ ತೆಗೆದು ಎಡ ಅಂಗೈ ಮೇಲಿಟ್ಟುಕೊಂಡು ಪೂಜೆ ಮಾಡಿದವಳು. ಪೂಜೆಯಾಗದೆ ಬಾಯಿಗೆ ನೀರೂ ಹಾಕಿದವಳಲ್ಲ. ನಮ್ಮಲ್ಲಿ ಲಿಂಗವನ್ನು ಎಡಗೈಯಲ್ಲೇ ಹಿಡಿಯಬೇಕು. ಅವರವರ ಲಿಂಗ ಅವರವರದು, ಇನ್ನೊಬ್ಬರು ಮುಟ್ಟುವಂತಿಲ್ಲ. ಅದು ನೆಲಕ್ಕೆ ಬೀಳುವುದೆಂದರೆ ಅವ್ವನಂಥವರಿಗೆ ಜೀವವೇ ಬಿದ್ದ ಹಾಗೆ.

"ಕೈ ಜುಮ್ ಅನ್ಲಾಕತ್ತದ ಶಿವು. ಹಿಡಿತ ಸಿಗವಲ್ದು" ಎಂದಳು.

"ಕೈ ಮ್ಯಾಲ ಮಲಗಿದ್ದಿ ಕಾಣ್ತದ" ಎಂದೆ.

ಅವ್ವ ಬಲಗೈಯಿಂದ ಲಿಂಗ ಎತ್ತಿ ಕಣ್ಣಿಗೊತ್ತಿಕೊಂಡಳು. "ಲಿಂಗ ಬಿತ್ತಲ್ಲಪಾ. ಈಗ ಏನ್ ಮಾಡ್ಲಿ?"

ನಾನು ಬೀದರ–ಔರಾದ್ ಬಸ್ಸಿನ ಕಂಡಕ್ಟರ್. ಆ ವರ್ಷವೂ ಮಳೆ ಕೈಕೊಟ್ಟಿತ್ತು. ಔರಾದ್ ಕಡೆಯ ಹಳ್ಳಿಗಳ ಜನ ಪಾತ್ರೆ, ಹಾಸಿಗೆ ಗಂಟು ಕಟ್ಟಿಕೊಂಡು ಬೀದರಕ್ಕೆ ಬಂದು, ಇಲ್ಲಿಂದ ಹೈದರಾಬಾದಿಗೆ ಹೋಗುತ್ತಿದ್ದರು. ನಮಗೆ ದಿನಾ ಒಂದು ಟ್ರಿಪ್ಪು ಹೆಚ್ಚಿಗೆ. ದಿನವಿಡೀ "ಮುಂದಕ್ಕ ಸರೀರಿ, ಒಳಗ ಖಾಲಿ ಅದ" ಎಂದು ಒದರುವ ಬಾಯಿ ನನ್ನದು. ಮನೆಯಲ್ಲೂ ಅದೇ ಬಾಯಿ.

"ಇವತ್ತೊಂದಿನ ಉಪಾಸ ಇದ್ದುಬಿಡು. ನಾಳಿ ಸ್ವಾಮಿಗಳನ್ನ ಕೇಳ್ಕೊಂಡು ಬರ್ತೇನಿ" ಎಂದೆ.

ಲಿಂಗ ಬಿದ್ದರೆ ಒಂದು ದಿನ ಏನೂ ತಿನ್ನಬಾರದು ಎಂದು ನಮ್ಮಪ್ಪ ಬದುಕಿದ್ದಾಗ ಹೇಳುತ್ತಿದ್ದ. ಯಾವ ಶಾಸ್ತ್ರದಲ್ಲಿದೆಯೋ ನನಗೆ ಇವತ್ತಿಗೂ ಗೊತ್ತಿಲ್ಲ. ಅವ್ವನ ಬಾಯಿ ಮುಚ್ಚಿಸಿ ಡಿಪೋಗೆ ಓಡಬೇಕಿತ್ತು, ಅಷ್ಟೇ. ಅವಳು ಬಿ.ಪಿ. ಗೋಲಿ ನುಂಗುವುದು ನಾಷ್ಟಾ ಆದ ಮೇಲೆ. ನಾಷ್ಟಾ ಇಲ್ಲ ಅಂದರೆ ಗೋಲಿಯೂ ಇಲ್ಲ. ಅದು ನನ್ನ ತಲೆಗೆ ಹೊಳೆಯಲೇ ಇಲ್ಲ.

"ಯಾರ ಮುಂದೂ ಹೇಳಬ್ಯಾಡ" ಎಂದಳು ಅವ್ವ. ನನ್ನ ಹೆಂಡತಿ ಸುವರ್ಣಾಳಿಗೂ ನಾನು ಹೇಳಲಿಲ್ಲ.

ಮಧ್ಯಾಹ್ನ ಬಸ್ಸು ಸಂತಪುರದಲ್ಲಿ ನಿಂತಾಗ ಸುವರ್ಣಾಳ ಫೋನ್ ಬಂತು. "ಅತ್ತಿಯವರ ಬಾಯಿ ಒಂದು ಕಡಿ ವಾಲ್ಯದರಿ. ಎಡಗಾಲು ಎತ್ತವಲ್ರು. ಆಟೋದಾಗ ಕರ್ಕೊಂಡು ಹೊಂಟೇನಿ."

ನಾನು ಅದೇ ಬಸ್ಸಿನಲ್ಲಿ, ಟಿಕೆಟ್ ಕೊಡುತ್ತಲೇ ಬೀದರಕ್ಕೆ ಬಂದೆ. ಯಾರಿಗೆ ಎಷ್ಟು ಚಿಲ್ಲರೆ ಕೊಟ್ಟೆನೋ ನೆನಪಿಲ್ಲ.

ದವಾಖಾನೆಯಲ್ಲಿ ಸಿ.ಟಿ. ಸ್ಕ್ಯಾನ್ ಆಗಿತ್ತು. ಸ್ಟ್ರೋಕ್ ಎಂದರು. ಮೆದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ. ಡಾಕ್ಟರು ಗಡಿಯಾರ ನೋಡುತ್ತ ಕೇಳಿದರು: "ಇವರು ಪೂರಾ ಆರಾಮ ಇದ್ದಿದ್ದು ಕೊನೀಗೆ ಯಾವಾಗ ನೋಡೀರಿ? ಸರಿಯಾಗಿ ಹೇಳ್ರಿ."

"ಹನ್ನೆರಡರ ತನಕ ಛಲೋ ಇದ್ರರಿ" ಎಂದಳು ಸುವರ್ಣಾ. ಅವಳಿಗೆ ಗೊತ್ತಿದ್ದದ್ದು ಅಷ್ಟೇ.

ನಾನು ಬಾಯಿ ಬಿಡಬೇಕಾಯಿತು. "ಮುಂಜಾನಿ ಆರಕ್ಕ ಎಡಗೈ ಜುಮ್ ಅಂದಿತ್ತಂತರಿ. ಕೈಯಾಗಿಂದ... ಬಟ್ಟಲು ಬಿತ್ತು."

ಬಟ್ಟಲು ಎಂದೆ. ಲಿಂಗ ಎನ್ನಲು ನಾಲಿಗೆ ಹೊರಳಲಿಲ್ಲ.

ಡಾಕ್ಟರು ಬೆರಳು ಎಣಿಸಿದರು. ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ, ಆದರೆ ನಾಲ್ಕೂವರೆ ತಾಸಿನೊಳಗೆ ಕೊಡಬೇಕು, ಆಮೇಲೆ ಕೊಟ್ಟರೆ ತಲೆಯೊಳಗೆ ರಕ್ತಸ್ರಾವವಾಗುವ ಭಯ ಎಂದು ತಿಳಿಸಿ ಹೇಳಿದರು. ಹಿಡಿತ ತಪ್ಪಿದ್ದೇ ಸ್ಟ್ರೋಕಿನ ಶುರುವಾತು.

"ಮುಂಜಾನೇನೇ ತಂದಿದ್ರ..." ಎಂದು ಶುರುಮಾಡಿ, ನನ್ನ ಮುಖ ನೋಡಿ ಚೀಟಿ ಬರೆಯತೊಡಗಿದರು.

ಹದಿಮೂರನೆಯ ದಿನ ಅವ್ವ ಮನೆಗೆ ಬಂದಳು. ಮಾತು ಉಳಿದಿತ್ತು, ಸ್ವಲ್ಪ ತೊದಲು. ಗೋಡೆ ಹಿಡಿದು ನಾಲ್ಕು ಹೆಜ್ಜೆ ಇಡುತ್ತಿದ್ದಳು. ಎಡಗೈ ಮಾತ್ರ ಎದೆಗೆ ಒತ್ತಿಕೊಂಡು ಮುಷ್ಟಿ ಕಟ್ಟಿಕೊಂಡಿತ್ತು. ಒಂದು ದಿನ ಅವಳು ಸುವರ್ಣಾಳಿಗೆ ಹೇಳುತ್ತಿದ್ದದ್ದು ಕಿವಿಗೆ ಬಿತ್ತು.

"ಲಿಂಗ ಬೀಳಿಸಿದ ಕೈ ನೋಡವ್ವ. ಆ ಶಿವ ವಾಪಸ್ ತಗೊಂಡ. ಎಲ್ಲಾ ನನ್ನ ತಪ್ಪು."

ನಾನು ಆಚೆ ಕೋಣೆಯಲ್ಲಿದ್ದೆ. ಹೋಗಿ ಹೇಳಬಹುದಿತ್ತು. ಅವ್ವಾ, ಲಿಂಗ ಬಿದ್ದದ್ದಕ್ಕೆ ಕೈ ಹೋಗಲಿಲ್ಲ, ಕೈ ಹೋದದ್ದಕ್ಕೆ ಲಿಂಗ ಬಿತ್ತು. ಅಷ್ಟೇ ಮಾತು. ಆದರೆ ಅದನ್ನು ಹೇಳಿದರೆ ಅದರ ಮುಂದಿನದನ್ನೂ ಹೇಳಬೇಕಾಗುತ್ತಿತ್ತು. ಆ ಹೊತ್ತಿಗೇ ದವಾಖಾನೆಗೆ ಒಯ್ಯಬೇಕಿದ್ದ ಮಗ ಉಪವಾಸ ಇರು ಎಂದು ಹೇಳಿ ಬಸ್ಸು ಹತ್ತಿದ ಎಂದು. ನಾನು ಅಂಗಿ ಹಾಕಿಕೊಂಡು ಹೊರಗೆ ಹೋದೆ.

ಹೇಳುವುದನ್ನು ಬಿಟ್ಟು ಬೇರೆಲ್ಲ ಮಾಡಿದೆ. ಅಪರಾಧ ಮಾಡಿದವನಿಗೆ ಕೆಲಸದ ಹುಚ್ಚು ಹಿಡಿಯುತ್ತದೆ. ಯಾರು ಏನು ಸಲಕರಣೆ ಹೇಳಿದರೂ ಅದನ್ನು ಹುಡುಕಿಕೊಂಡು ಹೋಗುತ್ತಿದ್ದೆ. ಭಾಲ್ಕಿಯಲ್ಲಿ ಅಂಗವಿಕಲರಿಗೆ ಸಲಕರಣೆ ಹಂಚುವ ಕ್ಯಾಂಪ್ ಇದೆ ಎಂದು ಡ್ರೈವರ್ ಒಬ್ಬ ಹೇಳಿದ. ರಜೆ ಹಾಕಿ ಹೋದೆ. ಮೊದಲೇ ಬಂದು ಅಳತೆ ಕೊಟ್ಟು ಹೋದವರ ಹೆಸರು ಕೂಗುತ್ತಿದ್ದರು. ಎಷ್ಟೋ ಹೆಸರಿಗೆ ಯಾರೂ ಏಳಲಿಲ್ಲ. ಮನೆಮಂದಿಯ ಜೊತೆ ಅವರೂ ಹೈದರಾಬಾದು, ಪುಣೆ ಕಡೆ ಹೋಗಿಬಿಟ್ಟಿದ್ದರು. ವೀಲ್‌ಚೇರುಗಳು ಸಾಲಾಗಿ ನಿಂತಿದ್ದವು.

"ಉಳಿದದ್ದು ಒಂದು ನಮ್ಮವ್ವಗ ಕೊಡ್ರಿ" ಎಂದೆ.

"ಅಳತಿ ಬೇಕ್ರಿ. ಪೇಶಂಟ್ ಎಲ್ಲಿ?"

"ಕೂಡೋ ಕುರ್ಚಿಗಿ ಎಂಥಾ ಅಳತಿರಿ?"

ಕಂಡಕ್ಟರನ ಬಾಯಿಗೆ ಎದುರು ಹೇಳಿ ಗೆದ್ದವರಿಲ್ಲ. ಒಂದು ತಾಸು ಗಂಟು ಬಿದ್ದೆ. ಕೊನೆಗೆ ಸಹಿ ಹಾಕಿಸಿಕೊಂಡು ಕೊಟ್ಟರು. ಬಸ್ಸಿನ ಮೇಲೆ ಕಟ್ಟಿ ತಂದು ಅಂಗಳದಲ್ಲಿಳಿಸಿದಾಗ ಓಣಿಯವರೆಲ್ಲ ಬಂದು ನೋಡಿದರು. ಎಂಥ ಮಗ ಎಂದರು. ನನಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಆ ಕುರ್ಚಿ ಯಾವುದೋ ದಪ್ಪ ಆಳಿನ ಅಳತೆಯದು. ಅವ್ವ ಅದರಲ್ಲಿ ಎಡಕ್ಕೆ ಜಾರಿ ಮೂಲೆ ಸೇರುತ್ತಿದ್ದಳು. ಸಂಡಾಸಿನ ಬಾಗಿಲಲ್ಲಿ ಅದು ಹಿಡಿಸಲಿಲ್ಲ. ಆದರೂ ನಾನು ಹಟ ಬಿಡಲಿಲ್ಲ. "ಯಾಕ ನಡೀತಿ, ಕೂತ್ಕೋ, ನಾ ದೂಡ್ತೇನಿ" ಎನ್ನುತ್ತಿದ್ದೆ. ನಾಲ್ಕು ಹೆಜ್ಜೆ ನಡೆಯುತ್ತಿದ್ದವಳು ಒಂದೂವರೆ ತಿಂಗಳಲ್ಲಿ ಅದನ್ನೂ ಬಿಟ್ಟಳು.

ದವಾಖಾನೆಯ ಫಿಸಿಯೋಥೆರಪಿ ಮೇಡಮ್ ಅವ್ವನ ಕಾಲು ಮುಟ್ಟಿ ನೋಡಿ ನನ್ನ ಮೇಲೆ ರೇಗಿದರು. "ನಡಿಯೋರಿಗಿ ಯಾಕ ಕುರ್ಚಿ ತಂದ್ರಿ? ಯಾರನ್ನ ಕೇಳಿ ತಂದ್ರಿ?"

ಯಾರನ್ನೂ ಕೇಳಿರಲಿಲ್ಲ. ಅವ್ವನನ್ನಂತೂ ಕೇಳಿರಲೇ ಇಲ್ಲ.

ಮೇಡಮ್ ನಾಲ್ಕು ಕಾಲಿನ ಕೋಲು ತರಲು ಹೇಳಿದರು. ಔರಾದಿನಲ್ಲಿ ವೆಲ್ಡಿಂಗ್ ಅಂಗಡಿಯವನೊಬ್ಬ ಅಂಥದ್ದನ್ನು ಮಾಡಿಕೊಡುತ್ತಾನೆ ಎಂದು ಕೇಳಿ ಟ್ರಿಪ್ಪಿನ ನಡುವೆ ಓಡಿ ಹೋದರೆ ಶಟರ್ ಎಳೆದಿತ್ತು. ಅವನೂ ಕೆಲಸ ಹುಡುಕಿಕೊಂಡು ಊರು ಬಿಟ್ಟಿದ್ದ. ಕೊನೆಗೆ ನಮ್ಮ ಮನೆಯಿಂದ ಎರಡು ಓಣಿ ಆಚೆಯ ಮೆಡಿಕಲ್ ಅಂಗಡಿಯಲ್ಲೇ ಕೋಲು ಸಿಕ್ಕಿತು. ಮೇಡಮ್ ಅದರ ಎತ್ತರವನ್ನು ಅವ್ವನ ಮಣಿಕಟ್ಟಿಗೆ ಸರಿಮಾಡಿ ಕೊಟ್ಟರು. ವೀಲ್‌ಚೇರನ್ನು ಭಾಲ್ಕಿಗೆ ಒಯ್ದು ತಿರುಗಿ ಕೊಟ್ಟುಬಂದೆ. ಅದನ್ನು ಅಳತೆ ಕೊಟ್ಟಿದ್ದ ಮನುಷ್ಯನಿಗೆ ಮುಟ್ಟಿಸಿದರೋ ಇಲ್ಲವೋ ತಿಳಿಯದು. ಅಷ್ಟು ದಿನ ಅವನ ಕುರ್ಚಿಯನ್ನು ನಾನು ಹಿಡಿದಿಟ್ಟುಕೊಂಡಿದ್ದೆ ಎಂಬುದು ಮಾತ್ರ ಖರೆ.

ಅವ್ವ ಮತ್ತೆ ಹೆಜ್ಜೆ ಹಾಕತೊಡಗಿದಳು. ಆದರೂ ಸೊರಗುತ್ತಲೇ ಇದ್ದಳು. ಕುಪ್ಪಸ ಭುಜದಿಂದ ಜಾರುತ್ತಿತ್ತು. ರೋಗ ಹಾಗೆ ಎಂದುಕೊಂಡಿದ್ದೆ. ಕಂಡುಹಿಡಿದವಳು ಸುವರ್ಣಾ.

"ಅತ್ತಿಯವರು ಮುಂಜಾನಿ ಏನೂ ತಿನ್ನಂಗಿಲ್ಲರಿ. ನಾ ಕೊಟ್ಟ ರೊಟ್ಟಿ ಸೆರಗಿನಾಗ ಮುಚ್ಚಿ ಆಕಳಿಗಿ ಹಾಕ್ತಾರ. ಗೋಲಿ ಸಲುವಾಗಿ ಒಂದು ಗುಟುಕು ನೀರು ಕುಡೀತಾರ, ಅದಕ್ಕೂ ಅಳ್ತಾರ."

ಪೂಜೆಯಿಲ್ಲದೆ ಉಣ್ಣುವುದು ಅವಳಿಂದ ಆಗುತ್ತಿರಲಿಲ್ಲ. ಬಲಗೈಯಲ್ಲಿ ಹಿಡಿ ಎಂದು ನಾನು ಹಿಂದೆ ಒಮ್ಮೆ ಹೇಳಿದ್ದೆ. ಅವಳು ನನ್ನತ್ತ ನೋಡಿದ ನೋಟಕ್ಕೆ ಮತ್ತೆ ಆ ಮಾತು ಎತ್ತಿರಲಿಲ್ಲ. ಸ್ವಾಮಿಗಳನ್ನು ಕೇಳಿಕೊಂಡು ಬರುತ್ತೇನೆ ಎಂದಿದ್ದೆನಲ್ಲ, ಅದೂ ಬಾಕಿಯೇ ಉಳಿದಿತ್ತು. ನಾನು ಹೇಳಿದ ಒಂದು ದಿನದ ಉಪವಾಸವನ್ನು ಅವಳು ಐದು ತಿಂಗಳಿಂದ ಮುಂದುವರಿಸಿದ್ದಳು.

ಮತ್ತೆ ಮೇಡಮ್ ಹತ್ತಿರ ಹೋದೆವು. ಅವರು ಮೊದಲೇ ಕೊಟ್ಟಿದ್ದ ಸ್ಪ್ಲಿಂಟನ್ನು, ಅಂದರೆ ಕೈಗೆ ಕಟ್ಟುವ ಪ್ಲಾಸ್ಟಿಕ್ ಆಸರೆಯನ್ನು, ಅವ್ವ ಕಟ್ಟಿಕೊಳ್ಳುತ್ತಿರಲಿಲ್ಲ. ಅದರಲ್ಲಿ ಅಂಗೈ ಕೆಳಮುಖವಾಗಿ ಇರುತ್ತಿತ್ತು. ಮೇಡಮ್ ಈ ಸಲ ನನ್ನ ಕಡೆ ನೋಡದೆ ಅವ್ವನ ಮುಂದೆ ಸ್ಟೂಲ್ ಹಾಕಿಕೊಂಡು ಕೂತರು.

"ಅಮ್ಮಾ, ಈ ಕೈಲಿಂದ ನಿಮಗ ಏನು ಮಾಡಬೇಕಾಗ್ಯದ? ನೀವೇ ಹೇಳ್ರಿ."

ಅವ್ವ ಬಲಗೈಯಿಂದ ಎಡ ಮುಷ್ಟಿಯನ್ನು ಸವರಿದಳು. ಆಮೇಲೆ, "ಲಿಂಗ ಹಿಡಿಬೇಕ್ರಿ" ಎಂದಳು.

"ಹ್ಯಾಂಗ ಹಿಡೀತೀರಿ, ತೋರಿಸ್ರಿ."

ಅವ್ವನ ಕೈ ಏಳದು, ಅವಳ ಬದಲು ನಾನೇ ತೋರಿಸಬೇಕಾಯಿತು. ಅವಳ ಲಿಂಗ ನಾನು ಮುಟ್ಟುವಂತಿಲ್ಲ. ನೀರಿನ ಬಾಟಲಿಯ ಮುಚ್ಚಳವನ್ನು ನನ್ನ ಎಡ ಅಂಗೈ ಮೇಲಿಟ್ಟುಕೊಂಡು ಎದೆಮಟ್ಟಕ್ಕೆ ಎತ್ತಿ ತೋರಿಸಿದೆ. ಅವ್ವ "ಇನ್ನೂ ಮ್ಯಾಲ. ಕಣ್ಣಿನ ಸಮ. ಬೆರಳು ಕೂಡಿಸು" ಎಂದು ತಿದ್ದಿದಳು. ಮೇಡಮ್ ಸುತ್ತ ತಿರುಗಿ ಅಳತೆ ತೆಗೆದುಕೊಂಡರು. ಪ್ಲಾಸ್ಟಿಕ್ ಹಾಳೆಯನ್ನು ಬಿಸಿನೀರಲ್ಲಿ ಮೆತ್ತಗೆ ಮಾಡಿ ಅವ್ವನ ಕೈಗೇ ಒತ್ತಿ ರೂಪ ಕೊಟ್ಟರು. ಅಂಗೈ ಮೇಲ್ಮುಖ, ಬೆರಳು ಚಾಚಿದ್ದು, ಅಂಚಿಗೆ ಸಣ್ಣ ಕಟ್ಟೆ. ಕಟ್ಟಲು ಮೂರು ಪಟ್ಟಿ. ಮೊಣಕೈಗೆ ಆಧಾರ ಬೇಕು ಎಂದರು. ನಮ್ಮ ಡಿಪೋದಲ್ಲಿ ಬಸ್ಸಿನ ಸೀಟು ಹೊಲಿಯುವವನಿಗೆ ಹೇಳಿ ಮನೆಯ ಕುರ್ಚಿಯ ಕೈಮೇಲೆ ಕೂರುವ ಹಲಗೆ ಮಾಡಿಸಿದೆ. ಅವನು ಅದಕ್ಕೆ ಸ್ಪಂಜು ಹಾಕಿ ನೀಲಿ ರೆಗ್ಝಿನ್ ಹೊದಿಸಿ ಕೊಟ್ಟ.

"ಬಸ್ಸಿನ ವಾಸನಿ ಬರ್ತದ" ಎಂದಳು ಅವ್ವ. ಐದು ತಿಂಗಳಲ್ಲಿ ಅವಳು ಆಡಿದ ಮೊದಲ ಚೇಷ್ಟೆಯ ಮಾತು.

ಹದಿನೈದು ದಿನ ಬಾಟಲಿಯ ಮುಚ್ಚಳ ಇಟ್ಟು ರೂಢಿ ಮಾಡಿದಳು. ಮುಚ್ಚಳ ಅಲ್ಲಾಡಲಿಲ್ಲ. ಆದರೆ ಲಿಂಗ ಇಡು ಎಂದರೆ ಕೊರಳಿಗೆ ಕೈ ಒಯ್ದು ನಿಲ್ಲಿಸಿಬಿಡುತ್ತಿದ್ದಳು.

"ಮತ್ತ ಬಿದ್ರ? ಒಮ್ಮಿ ಬಿದ್ದದ್ದಕ್ಕ ಕೈ ಹೋಯ್ತು. ಇನ್ನೊಮ್ಮಿ ಬಿದ್ರ ಏನು ಹೋಗ್ತದೋ."

ಸಲಕರಣೆ ಸಿದ್ಧವಿತ್ತು. ಅದು ಕೆಲಸ ಮಾಡದಂತೆ ತಡೆದಿದ್ದು ನಾನು ಹೇಳದೆ ಬಿಟ್ಟ ಮಾತು.

ನಾನು ಅವಳ ಮುಂದೆ ನೆಲದ ಮೇಲೆ ಕೂತೆ. ಸುವರ್ಣಾ ಒಲೆಯ ಹತ್ತಿರವಿದ್ದಳು, ಅವಳಿಗೂ ಕೇಳಲಿ ಎಂದೇ ಹೇಳಿದೆ.

"ಅವ್ವಾ, ಲಿಂಗ ಬಿದ್ದದ್ದು ನಿನ್ನ ತಪ್ಪಲ್ಲ. ಅವತ್ತು ಬ್ಯಾನಿ ಮೊದಲು ಬಂದದ, ಅದಕ್ಕ ಕೈ ಬಿಟ್ಟದ. ಡಾಕ್ಟರ್ ಹೇಳ್ಯಾರ. ಆಗಲೇ ಕರ್ಕೊಂಡು ಹೋಗಿದ್ರ ಒಂದು ಇಂಜೆಕ್ಷನ್ ಇತ್ತು. ನೀ ಕೈ ಜುಮ್ ಅಂತದ ಅಂದಿ. ನಾ ಉಪಾಸ ಇರು ಅಂತ ಹೇಳಿ ಹೋದೆ. ತಪ್ಪು ನಂದು."

ಒಲೆಯ ಹತ್ತಿರದ ಸದ್ದು ನಿಂತಿತು.

"ನಿನಗ ಯಾವಾಗ ಗೊತ್ತಾಯ್ತು?" ಎಂದಳು ಅವ್ವ.

"ಅವತ್ತೇ. ದವಾಖಾನ್ಯಾಗ."

ಅವಳು ನನ್ನನ್ನೇ ನೋಡಿದಳು. "ಉಪಾಸ ಇರು ಅಂದದ್ದು ಇರ್ಲಿ. ಅದು ನಿನಗೂ ತಿಳೀಲಿಲ್ಲ, ನನಗೂ ತಿಳೀಲಿಲ್ಲ. ಇಷ್ಟು ದಿನ ನಾ ಅಳೋದು ನೋಡ್ಕೋತ ಕೂತಿದ್ಯಲ್ಲ ಶಿವು."

 

ಮರುದಿನ ಬೆಳಿಗ್ಗೆ ಅವ್ವ ಜಳಕ ಮಾಡಿ ಸುವರ್ಣಾಳನ್ನು ಕರೆದು ಪಟ್ಟಿ ಕಟ್ಟಿಸಿಕೊಂಡಳು. ನಾನು ಪಕ್ಕದಲ್ಲೇ ಇದ್ದೆ, ನನ್ನನ್ನು ಕರೆಯಲಿಲ್ಲ. ಬಲಗೈಯಿಂದ ಲಿಂಗ ತೆಗೆದು ಎಡ ಅಂಗೈ ಮೇಲಿಟ್ಟುಕೊಂಡಳು.  ಲಿಂಗ ತುಸು ಜಾರಿ ಅಂಚಿನ ಕಟ್ಟೆಗೆ ತಾಗಿ ನಿಂತಿತು. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು, ತುಟಿ ಮಂತ್ರ ಹೇಳುತ್ತಿತ್ತು. ಪೂಜೆ ಮುಗಿಸಿ ಎರಡು ರೊಟ್ಟಿ ತಿಂದಳು. ಸುವರ್ಣಾ ಮೂರನೆಯದನ್ನು ಹಾಕಿದಾಗಲೂ ಬೇಡ ಎನ್ನಲಿಲ್ಲ.

ಹೀಗೆ ಒಂದು ತಿಂಗಳು ನಡೆಯಿತು. ಅವ್ವನ ಕೆನ್ನೆ ತುಸು ತುಂಬಿದೆ. ಕೋಲು ಹಿಡಿದು ಓಣಿಯ ತುದಿಯವರೆಗೆ ಹೋಗಿಬರುತ್ತಾಳೆ. ಕೈ ಮೊದಲಿನಂತೆ ಆಗುವುದಿಲ್ಲ ಎಂದು ಮೇಡಮ್ ಹೇಳಿದ್ದಾರೆ. ಆ ಮೇಡಮ್‌ಗೆ ದಿನಾ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ. ನನ್ನ ಜೊತೆ ಅವ್ವ ಬೇಕಾದಷ್ಟೇ ಮಾತಾಡುತ್ತಾಳೆ. ಬಂದಿ ಏನು, ಉಂಡಿ ಏನು, ಅಷ್ಟೇ. ಅದು ನನಗೆ ಸಲ್ಲಬೇಕಾದದ್ದು.

ಮೊನ್ನೆ ಬೆಳಿಗ್ಗೆ ಓಣಿಗೆ ನೀರಿನ ಟ್ಯಾಂಕರ್ ಬಂತೆಂದು ಸುವರ್ಣಾ ಕೊಡ ಹಿಡಿದು ಓಡಿದಳು. ಅವ್ವ ಇಬತ್ತಿ ಹಚ್ಚಿಕೊಂಡು ಕುರ್ಚಿಯಲ್ಲಿ ಕೂತು ಕಾದಳು. ಹೊರಗೆ ಕೊಡಗಳ ಗದ್ದಲ, ಪಾಳಿಯ ಜಗಳ. ಸುವರ್ಣಾ ಬೇಗ ಬರುವ ಹಾಗಿರಲಿಲ್ಲ.

"ಶಿವು" ಎಂದಳು. "ಪಟ್ಟಿ ಕಟ್ಟು."

ನಾನು ಹೋಗಿ ಮೊಣಕಾಲೂರಿದೆ.

"ಸಿಟ್ಟು ಹೋಗ್ಯದ ಅಂತ ತಿಳ್ಕೋಬ್ಯಾಡ" ಎಂದಳು ಅವ್ವ. "ಮೊದಲು ಬೆರಳು ಬಿಡಿಸು. ಸಾವಕಾಶ. ಎಳೀಬ್ಯಾಡ."

ಮುಷ್ಟಿಯನ್ನು ನನ್ನ ಎರಡೂ ಕೈಯಲ್ಲಿ ಹಿಡಿದೆ. ಕಿರುಬೆರಳಿನಿಂದ ಶುರುಮಾಡಿ ಒಂದೊಂದೇ ಬಿಡಿಸಿದೆ. ಕೊನೆಗೆ ಹೆಬ್ಬೆರಳೂ ಬಿಟ್ಟಿತು.